ಕುರುಹು, ಕರ್ತೃ, ಕೊನೆ

ಶ್ರಾವಣ ಮಾಸದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಮಠಗಳಲ್ಲಿಯೂ ಗುಡಿಗಳಲ್ಲಿಯೂ ನಡೆಯುವ ಪುರಾಣಪ್ರವಚನಕ್ಕೆ ಬಂದು ಕುಳಿತವರಲ್ಲಿ ಯಾರೂ ಕಥೆಯ ಕೊನೆ ಏನಾದೀತೋ ಎಂಬ ಆತಂಕದಿಂದ ಬಂದವರಲ್ಲ. ಶರಣನು ಪರೀಕ್ಷೆಯಲ್ಲಿ ಗೆಲ್ಲುವನೆಂಬುದೂ, ಬಯಲಾಟದ ರಂಗದ ಮೇಲೆ ದುಶ್ಶಾಸನನು ಎಷ್ಟೇ ಅಬ್ಬರಿಸಿದರೂ ಬೆಳಗಾಗುವುದರೊಳಗಾಗಿ ಭೀಮನ ಕೈಗೆ ಸಿಕ್ಕೇ ಸಿಕ್ಕುವನೆಂಬುದೂ ಅವರಿಗೆ ಬಾಲ್ಯದಿಂದ ಗೊತ್ತು. ಕೊನೆ ಗೊತ್ತಿರುವುದರಿಂದಲೇ ನಡುವಣ ಮಾತು, ನಡೆ, ಅಳು, ಹಾಡು ಇವುಗಳ ಮೇಲೆ ಅವರ ಚಿತ್ತ ನಿಶ್ಚಿಂತವಾಗಿ ನೆಲೆಗೊಳ್ಳುತ್ತದೆ. ಆ ಮನೆಗಳಲ್ಲಿಯೇ ಬೆಳೆದ ತರುಣರು ಈಗ ಬೇರೊಂದು ಬಗೆಯ ಕಥೆಗೆ ಮನಸೋತಿದ್ದಾರೆ. ಕೊಲೆ, ಕಳ್ಳವ್ಯಾಪಾರ, ಪತ್ತೇದಾರಿ ಇವುಗಳನ್ನು ವಸ್ತುವಾಗಿ ಉಳ್ಳ, ಹತ್ತಾರು ಕಂತುಗಳಲ್ಲಿ ಸಾಗುವ ದೂರದರ್ಶನದ ಕಥೆಗಳು ಅವು; ಅವುಗಳ ಪ್ರಾಣವೆಲ್ಲ ಕೊನೆಯನ್ನು ಬಚ್ಚಿಡುವುದರಲ್ಲಿದೆ. ಬಚ್ಚಿಟ್ಟದ್ದನ್ನು ಅದು ಹೊರಬರುವ ಮೊದಲೇ ಕಂಡುಹಿಡಿಯಬೇಕೆಂಬ ಹಟ ಈ ನೋಡುಗರದು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕುಳಿತವರು, ಶಹಾಬಾದಿನ ಪರಸಿಕಲ್ಲಿನ ಗಣಿಯ ದಾರಿಯ ಚಹದಂಗಡಿಗಳಲ್ಲಿ ಸೇರುವವರು, ಸಿಮೆಂಟು ಕಾರ್ಖಾನೆಯ ಪಾಳಿ ಮುಗಿಸಿ ಬಂದವರು ಇಂಥ ಕಥೆಯೊಂದರ ಹಿಂದಿನ ಕಂತನ್ನು ಕುರಿತು ನಡೆಸುವ ಚರ್ಚೆಯನ್ನು ಕೇಳಿದರೆ, ಇದು ಬರಿಯ ಕಾಲಹರಣವಲ್ಲ, ಇದರ ಅಡಿಯಲ್ಲಿ ಒಂದು ಶ್ರದ್ಧೆಯಿದೆ, ಆ ಶ್ರದ್ಧೆ ತತ್ತ್ವಜಿಜ್ಞಾಸುವಿನ ವಿಚಾರಕ್ಕೆ ಅರ್ಹವಾದದ್ದು ಎಂದು ನನಗೆ ಪ್ರತಿಸಲವೂ ತೋರಿದೆ.

ಆ ಶ್ರದ್ಧೆಯ ಸೂತ್ರ ಅವರ ಬಾಯಲ್ಲಿಯೇ ಇದೆ. ಒಬ್ಬನು, ನಾಯಕನ ಅಂಗಿಯ ಬಣ್ಣ ಈ ಕಂತಿನಲ್ಲಿ ಕಪ್ಪಾಗಿದೆ, ಆದ್ದರಿಂದ ಅವನು ಇನ್ನು ಕೆಟ್ಟವನಾಗುತ್ತಾನೆ ಎನ್ನುತ್ತಾನೆ. ಇನ್ನೊಬ್ಬನು ಅದು ಕಾಕತಾಳೀಯವೆಂದು ಆಕ್ಷೇಪಿಸುತ್ತಾನೆ. ಆಗ ಮೊದಲನೆಯವನ ಉತ್ತರ: “ಸುಮ್ಮ್ ಸುಮ್ಮನ ತೋರಸ್ತಾರೇನ್ರೀ?” ಈ ಪ್ರಶ್ನೆಗೆ ಎದುರಾಡುವವರು ಕಡಮೆ. ತೋರಿಸಿದ್ದೆಲ್ಲ ಸಪ್ರಯೋಜನ, ಯಾವುದೂ ವ್ಯರ್ಥವಲ್ಲ ಎಂಬ ಈ ಒಂದು ಪ್ರತಿಜ್ಞೆಯ ಮೇಲೆ ಅವರ ‘ಥಿಯರಿ’ಗಳೆಲ್ಲ ನಿಂತಿವೆ.

ಈ ಊರುಗಳಿರುವ ಕಲಬುರಗಿ ಜಿಲ್ಲೆಗೂ ದೂರದರ್ಶನಕ್ಕೂ ಇರುವ ಸಂಬಂಧ ಅನೇಕರು ಭಾವಿಸಿರುವುದಕ್ಕಿಂತ ಹಳೆಯದು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಿದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಕಲಬುರಗಿ, ರಾಯಚೂರು, ವಿಜಾಪುರದ ಈ ಬಿಸಿಲುಸೀಮೆಯನ್ನೇ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಕಲಬುರಗಿಗೆ ದೂರದರ್ಶನದ ಪ್ರಸಾರ ಬಂದಿತು, ಬೆಂಗಳೂರಿಗೆ ಬಂದದ್ದು 1981ರಲ್ಲಿ. ಬೇಸಾಯ, ಆರೋಗ್ಯ, ಶಾಲೆ ಇವುಗಳ ವಿಷಯವಾಗಿ ಹಳ್ಳಿಗೆ ತಿಳಿವಳಿಕೆ ಹೇಳಲು ಬಂದ ಆ ಪೆಟ್ಟಿಗೆಯ ಮುಂದೆ ಅಂದು ಊರಿಗೆ ಊರೇ ಒಟ್ಟಾಗಿ ಕುಳಿತು ನೋಡುತ್ತಿತ್ತು. ಇಂದು ಅದು ಒಬ್ಬೊಬ್ಬರ ಅಂಗೈಯೊಳಗಿನ ಮೊಬೈಲಾಗಿ, ಅಮೆರಿಕೆಯ ಕಥೆಯನ್ನು ಹಿಂದಿಯಲ್ಲಿಯೋ ಅಡಿಬರಹದೊಡನೆ ಇಂಗ್ಲಿಷಿನಲ್ಲಿಯೋ ತಂದುಕೊಡುತ್ತದೆ. ಆದರೂ ನೋಡಿದ ಮೇಲೆ ಒಟ್ಟಿಗೆ ಕೂಡಿ ಅರ್ಥ ಹೇಳುವ ಆ ಹಳೆಯ ರೂಢಿ ಹೋಗಿಲ್ಲ.

ಅವರು ಹೆಚ್ಚಾಗಿ ಎತ್ತಿಕೊಳ್ಳುವ ನಿದರ್ಶನ ‘ಬ್ರೇಕಿಂಗ್ ಬ್ಯಾಡ್’. 2008ರಿಂದ 2013ರವರೆಗೆ ಐದು ಸೀಸನ್ನುಗಳಲ್ಲಿ 62 ಕಂತುಗಳಾಗಿ ಬಂದ ಈ ಕಥೆಯಲ್ಲಿ, ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರದ ಉಪಾಧ್ಯಾಯನೊಬ್ಬನು ತನಗೆ ಅರ್ಬುದರೋಗ ತಗುಲಿದೆಯೆಂದು ತಿಳಿದೊಡನೆ ಹೆಂಡತಿಮಕ್ಕಳ ಭವಿಷ್ಯದ ನೆಪದಲ್ಲಿ ಮಾದಕವಸ್ತುವನ್ನು ತಯಾರಿಸಲು ತೊಡಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕ್ರೂರಿಯಾಗುತ್ತಾನೆ. ಎರಡನೆಯ ಸೀಸನ್ನಿನ ಮೊದಲಿನಿಂದಲೂ ಅವನ ಮನೆಯ ಈಜುಗೊಳದಲ್ಲಿ ಒಂದು ಕಣ್ಣು ಕಿತ್ತುಹೋದ ಗುಲಾಬಿ ಬಣ್ಣದ ಗೊಂಬೆಕರಡಿಯೊಂದು ತೇಲುವುದನ್ನು ಕಾರಣ ಹೇಳದೆ ತೋರಿಸುತ್ತಾರೆ. ಆ ಸೀಸನ್ನಿನ ನಾಲ್ಕು ಕಂತುಗಳ ಹೆಸರುಗಳನ್ನು ಕ್ರಮವಾಗಿ ಕೂಡಿಸಿ ಓದಿದರೆ, ಆಲ್ಬುಕರ್ಕಿ ನಗರದ ಮೇಲೆ ವಿಮಾನವೊಂದು ಬೀಳುವುದೆಂಬ ವಾಕ್ಯವಾಗುತ್ತದೆ; ಕೊನೆಯಲ್ಲಿ ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು ಚೂರಾಗಿ ಬೀಳುವುವು. ಹೀಗೆ ಕರ್ತೃವೇ ಮರೆಯಲ್ಲಿ ಕುಳಿತು ಸುಳುಹುಗಳನ್ನು ಇಟ್ಟಿದ್ದನೆಂಬುದು ಸಿದ್ಧಪಟ್ಟ ಮೇಲೆ, ಎಲ್ಲೆಲ್ಲಿಯೂ ಸುಳುಹನ್ನು ಅರಸುವ ನೋಡುಗನ ಶ್ರದ್ಧೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಹೇಗೆ? ಐದನೆಯ ಸೀಸನ್ನಿನ ಆರಂಭದಲ್ಲಿ ವಾಲ್ಟರನು ತನ್ನ 52ನೆಯ ಹುಟ್ಟುಹಬ್ಬದ ದಿನ ಯಂತ್ರಬಂದೂಕನ್ನು ಕೊಳ್ಳುವ ದೃಶ್ಯ ಬಂದದ್ದು 2012ರ ಜುಲೈಯಲ್ಲಿ. ಆ ಬಂದೂಕು ಯಾರ ಮೇಲೆ ಎಂಬುದು ತಿಳಿದದ್ದು 2013ರ ಸೆಪ್ಟೆಂಬರ್ 29ರ ಕೊನೆಯ ಕಂತಿನಲ್ಲಿ. ನಡುವಣ ಕಾಲವೆಲ್ಲ ಜಗತ್ತಿನ ನೋಡುಗರಿಗೆ ಊಹೆಯ ಹಬ್ಬವಾಗಿತ್ತು.

ಈ ಶ್ರದ್ಧೆಯ ಸ್ವರೂಪವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಈಜುಗೊಳದ ಗೊಂಬೆಗೆ ಅರ್ಥವಿದೆ ಎನ್ನುವವನು, ಆ ಗೊಂಬೆಯನ್ನು ಅಲ್ಲಿ ಇಟ್ಟವನೊಬ್ಬನಿದ್ದಾನೆ, ಅವನು ಮುಂದಿನದನ್ನು ಬಲ್ಲನು, ಬಲ್ಲದ್ದನ್ನು ಪೂರ್ತಿಯಾಗಿ ಹೇಳದೆ ಪೂರ್ತಿಯಾಗಿ ಮರೆಸಿಯೂ ಇಡದೆ ನಮ್ಮೊಡನೆ ಒಂದು ಬಗೆಯ ಸಂವಾದವನ್ನು ನಡೆಸುತ್ತಿದ್ದಾನೆ ಎಂದು ನಂಬುತ್ತಾನೆ. ಆಸ್ತಿಕನು ಜಗತ್ತಿನ ವಿಷಯದಲ್ಲಿ ಇಟ್ಟಿರುವ ನಂಬಿಕೆಯೂ ಇದಕ್ಕೆ ಹತ್ತಿರದ್ದೇ. ಮಗ್ಗುಲಲ್ಲಿ ದೇವರ ಗುಡಿಯಿದ್ದರೂ ಒಳಹೋಗದ ತರುಣನು, ಪರದೆಯ ಮೇಲಿನ ಕಥೆಗೆ ಸಂಬಂಧಿಸಿದಂತೆ ಪರಮ ಆಸ್ತಿಕನಾಗಿರುವುದನ್ನು ನಾನು ಕಂಡಿದ್ದೇನೆ; ಅದನ್ನು ಕಂಡು ನನಗೆ ಆಶ್ಚರ್ಯವಾಗಲಿಲ್ಲ, ಸಂತೋಷವೇ ಆಯಿತು. ಅರ್ಥವಿಲ್ಲದ ಲೋಕದಲ್ಲಿ ಮನುಷ್ಯನ ಮನಸ್ಸು ಬಹುಕಾಲ ಉಸಿರಾಡಲಾರದು. ಒಂದು ದಾರಿ ಮುಚ್ಚಿದರೆ ಇನ್ನೊಂದರಲ್ಲಿ ಅದು ಅರ್ಥವನ್ನು ಹುಡುಕಿಕೊಂಡು ಹೊರಡುತ್ತದೆ.

ಈ ಹುಡುಕಾಟಕ್ಕೆ ಈ ನೆಲದಲ್ಲಿ ಹಿರಿಯ ವಂಶಾವಳಿಯುಂಟು. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಾಗ, ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಓದುಬರಹದ ಶಿಕ್ಷಣವಿಲ್ಲದವರೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಕನ್ನಡ ಜನರನ್ನು ಕುರಿತು ಅದು ಹೇಳುವ ಮಾತನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಹೇಳಿದ ಮಾತಿನಿಂದ ಹೇಳದ ಅರ್ಥ ಹೊಮ್ಮುವ ಧ್ವನಿಯನ್ನು ಅದು ಒಂದು ಅಲಂಕಾರವಾಗಿ ಹೆಸರಿಸುತ್ತದೆ. ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯೇ ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ್ದೂ ಹೆಚ್ಚು ಕಡಮೆ ಅದೇ ಕಾಲದಲ್ಲಿ. ಚಹದಂಗಡಿಯಲ್ಲಿ ಅಂಗಿಯ ಬಣ್ಣದಿಂದ ಅಂತರಂಗದ ಬಣ್ಣವನ್ನು ಊಹಿಸುವ ಸಹೃದಯನು ಆ ಪರಂಪರೆಗೆ ಹೊರಗಿನವನೆಂದು ನಾನು ಹೇಳಲಾರೆ.

ಆದರೆ ಊಹಿಸುವುದು ಬೇರೆ, ನಿರ್ಣಯಿಸುವುದು ಬೇರೆ. ನಿರ್ಣಯದ ಶಾಸ್ತ್ರವೂ ಇಲ್ಲಿಯೇ ಬೆಳೆದಿತ್ತು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲಕ್ಕೆ ಒಂದು ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿ ವೇದವನ್ನೂ ಶಾಸ್ತ್ರಗಳನ್ನೂ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು, ಭಾಟ್ಟ ಮತ್ತು ಪ್ರಾಭಾಕರ ದರ್ಶನಗಳನ್ನು ಬೋಧಿಸುತ್ತಿದ್ದ ಉಪಾಧ್ಯಾಯರನ್ನು, ಗ್ರಂಥಗಳನ್ನು ಕಾಪಾಡುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೆಸರಿಸುತ್ತದೆ. ಭಾಟ್ಟ, ಪ್ರಾಭಾಕರ ಎಂಬ ಇವೆರಡೂ ಮೀಮಾಂಸೆಯ ಶಾಖೆಗಳು. ವಾಕ್ಯಕ್ಕೆ ಅರ್ಥವನ್ನು ಹೇಗೆ ನಿಶ್ಚಯಿಸಬೇಕೆಂಬುದೇ ಅವುಗಳ ಪ್ರಧಾನ ವ್ಯಾಪಾರ. ಒಂದು ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ನಮ್ಮ ವ್ಯಾಖ್ಯಾನ ಪರಂಪರೆ ಆರು ಲಿಂಗಗಳನ್ನು ಹೇಳುತ್ತದೆ. ಮೊದಲನೆಯದು ಉಪಕ್ರಮ ಮತ್ತು ಉಪಸಂಹಾರಗಳ ಐಕ್ಯ. ಆಮೇಲೆ ಮತ್ತೆ ಮತ್ತೆ ಹೇಳುವ ಅಭ್ಯಾಸ, ಬೇರೆಡೆ ದೊರೆಯದ ಅಪೂರ್ವತೆ, ಫಲ, ಹೊಗಳಿಕೆ ತೆಗಳಿಕೆಗಳ ಅರ್ಥವಾದ, ಯುಕ್ತಿಯ ಉಪಪತ್ತಿ. ಅಪರಾಧಕಥೆಯ ನೋಡುಗನು ತನಗೆ ತಿಳಿಯದೆಯೇ ಇವುಗಳಲ್ಲಿ ಬಹುಪಾಲನ್ನು ಬಳಸುತ್ತಾನೆಂಬುದು ನನಗೆ ಬಹು ಸ್ವಾರಸ್ಯವಾಗಿ ಕಂಡಿದೆ. ಒಂದೇ ವಸ್ತುವನ್ನು ಮೂರು ಕಂತಿನಲ್ಲಿ ತೋರಿಸಿದರು ಎನ್ನುವಾಗ ಅವನು ಹಿಡಿದಿರುವುದು ಅಭ್ಯಾಸವನ್ನು. ಇಂಥದನ್ನು ಹಿಂದೆಂದೂ ತೋರಿಸಿರಲಿಲ್ಲ ಎನ್ನುವಾಗ ಅಪೂರ್ವತೆಯನ್ನು. ಹಾಗಾದರೆ ಅವನು ಅಲ್ಲಿಗೆ ಯಾಕೆ ಹೋದ ಎಂದು ಕೇಳುವಾಗ ಉಪಪತ್ತಿಯನ್ನು.

ಅವನ ಕೈಯಲ್ಲಿ ಇಲ್ಲದಿರುವುದು ಮೊದಲನೆಯ ಲಿಂಗದ ಅರ್ಧಭಾಗ. ಉಪಕ್ರಮವನ್ನು ಕಂಡಿದ್ದಾನೆ, ಉಪಸಂಹಾರ ಇನ್ನೂ ಬಂದಿಲ್ಲ. ಶಾಸ್ತ್ರಕಾರರು ಇವೆರಡನ್ನೂ ಕೂಡಿಸಿ ಒಂದೇ ಲಿಂಗವೆಂದು ಎಣಿಸಿ, ಅದನ್ನು ಮೊಟ್ಟಮೊದಲು ಇಟ್ಟದ್ದು ಸಕಾರಣವಾಗಿಯೇ ಇರಬೇಕು. ಕೊನೆಯ ಬೆಳಕು ಹಿಂದಕ್ಕೆ ಬಿದ್ದಾಗ ಮಾತ್ರ ಮೊದಲಿನ ಮಾತಿನ ತೂಕ ಎಷ್ಟೆಂಬುದು ನಿಶ್ಚಿತವಾಗುತ್ತದೆ; ಅದಕ್ಕೆ ಮುಂಚೆ, ನಡುದಾರಿಯಲ್ಲಿ ನಿಂತವನಿಗೆ, ಹತ್ತು ಅರ್ಥಗಳು ಸಮಾನ ಬಲದಿಂದ ಎದುರು ನಿಲ್ಲುತ್ತವೆ, ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಬುದ್ಧಿಯ ಕೆಲಸಕ್ಕಿಂತ ಹೆಚ್ಚಾಗಿ ಇಚ್ಛೆಯ ಕೆಲಸವಾಗುತ್ತದೆ. ಯಾವ ಪಾತ್ರ ಸಾಯುವುದೆಂದು ಊಹಿಸುವವನ ಮಾತನ್ನು ಲಕ್ಷ್ಯವಿಟ್ಟು ಕೇಳಿದರೆ, ಯಾವ ಪಾತ್ರ ಸಾಯಬೇಕೆಂದು ಅವನ ಹೃದಯ ಬಯಸುತ್ತಿದೆಯೆಂಬುದು ತಿಳಿಯುತ್ತದೆ. ‘ಅಂವಾ ಸಾಯ್ತಾನ ನೋಡ್ರಿ’ ಎಂಬ ಭವಿಷ್ಯವಾಣಿಯೊಳಗೆ ತೀರ್ಪೊಂದು ಅಡಗಿದೆ. ಕೊನೆಯನ್ನು ಮುಂಗಾಣುವ ಆಸೆಯ ಬೇರು ನ್ಯಾಯವನ್ನು ಕಾಣುವ ಆಸೆಯಲ್ಲಿದೆ ಎಂದು ನಾನು ನಂಬಲು ಇದೇ ಕಾರಣ.

ನಮ್ಮ ಜನ ಅಸ್ಪಷ್ಟವಾದ ನುಡಿಗೆ ಭವಿಷ್ಯದ ಅರ್ಥ ಹಚ್ಚುವುದು ಹೊಸದಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರ್ಣಿಕಕ್ಕೆ ಮಳೆಬೆಳೆಯ ಅರ್ಥವನ್ನು ರೈತನೂ, ಅಧಿಕಾರದ ಏರಿಳಿತದ ಅರ್ಥವನ್ನು ರಾಜಕಾರಣಿಯೂ ಹೇಳುತ್ತಾರೆ. ಕೊಡೇಕಲ್ಲಿನ ಬಸವಣ್ಣನವರ ಪರಂಪರೆಯ ಕಾಲಜ್ಞಾನ ವಚನಗಳನ್ನು ಈ ಭಾಗದಲ್ಲಿ ತಲೆತಲಾಂತರದಿಂದ ಹಾಗೆಯೇ ಬಿಡಿಸುತ್ತ ಬಂದಿದ್ದಾರೆ. ವರ್ಷ ಕಳೆದ ಮೇಲೆ ನಡೆದದ್ದಕ್ಕೆ ನುಡಿ ಸರಿಹೊಂದಿಯೇ ಹೊಂದುತ್ತದೆ, ಏಕೆಂದರೆ ಆಗ ಉಪಸಂಹಾರ ಕೈಯಲ್ಲಿರುತ್ತದೆ. ಇದನ್ನು ನಾನು ಹಳಿಯುವುದಿಲ್ಲ. ಮಳೆಯನ್ನೇ ನಂಬಿ ತೊಗರಿ ಬಿತ್ತುವವನಿಗೆ ಮುಂದಿನದನ್ನು ಕುರಿತು ಒಂದು ನುಡಿಯಾದರೂ ಬೇಕು.

ಕನ್ನಡದ ಕಿರುತೆರೆಯಲ್ಲಿಯೂ ಕುರುಹಿನ ಈ ಸಮಸ್ಯೆಯನ್ನು ಮುಟ್ಟಿದ ಕಥೆಗಳು ಬಂದಿವೆ. ಸದಾನಂದ ಸುವರ್ಣರು ದೂರದರ್ಶನಕ್ಕಾಗಿ ನಿರ್ದೇಶಿಸಿದ ‘ಗುಡ್ಡದ ಭೂತ’ವನ್ನು ನೋಡಿದವರು ಇಂದಿಗೂ ಅದರ ಹಾಡನ್ನು ಮರೆತಿಲ್ಲ. 2025ರಲ್ಲಿ ಬಂದ ‘ಅಯ್ಯನ ಮನೆ’ಯಲ್ಲಿ ಮನೆಯ ಸೊಸೆಯಂದಿರ ಸಾವುಗಳು ಮನೆದೈವದ ಮುನಿಸೋ ಮನುಷ್ಯರ ಕೈವಾಡವೋ ಎಂಬುದೇ ಪ್ರಶ್ನೆ. ಇಂಥ ಕಥೆಗಳಲ್ಲಿ ಊರವರು ಕುರುಹನ್ನು ದೈವಕ್ಕೋ ಭೂತಕ್ಕೋ ಆರೋಪಿಸಿ ತೃಪ್ತರಾಗುತ್ತಾರೆ, ಅವರು ಹಾಗೆ ತೃಪ್ತರಾಗಿರುವುದೇ ಅಪರಾಧಿಗೆ ನೆರಳಾಗುತ್ತದೆ. ಅತಿಬೇಗನೆ ದೊರೆತ ಅರ್ಥ ವಿಚಾರದ ಬಾಗಿಲನ್ನು ಮುಚ್ಚಿಬಿಡುವುದೆಂಬ ಎಚ್ಚರ ಈ ಕಥೆಗಳ ಹಂದರದಲ್ಲಿಯೇ ಇದೆ.

ಕರ್ತೃವಿನ ಮೇಲಿನ ಶ್ರದ್ಧೆ ಕೆಲವು ವೇಳೆ ಭಂಗಗೊಳ್ಳುವುದೂ ಉಂಟು. 2014ರ ‘ಟ್ರೂ ಡಿಟೆಕ್ಟಿವ್’ ಕಥೆಯ ಮೊದಲ ಸೀಸನ್ನು ಎಂಟೇ ಕಂತುಗಳದ್ದು. ಅದರಲ್ಲಿ ಬರುವ ‘ಹಳದಿಯ ರಾಜ’ನೆಂಬ ಹೆಸರಿನ ಹಿಂದೆ ನೋಡುಗರು ಹಳೆಯ ಭಯಾನಕ ಕಥಾಸಂಗ್ರಹವೊಂದನ್ನು ಹುಡುಕಿ ಓದಿದರು, ಇಬ್ಬರು ಪತ್ತೇದಾರರಲ್ಲಿಯೇ ಒಬ್ಬನು ಕೊಲೆಗಾರನೆಂದು ಸಾಧಿಸಿದರು. ಕೊನೆಗೆ ಕೊಲೆಗಾರನೆಂದು ಹೊರಬಿದ್ದವನು, ಮೂರನೆಯ ಕಂತಿನಲ್ಲಿಯೇ ಹಗಲು ಬೆಳಕಿನಲ್ಲಿ ಹುಲ್ಲು ಕತ್ತರಿಸುತ್ತ ಪತ್ತೇದಾರನೊಡನೆ ಎರಡು ಮಾತನಾಡಿ ಹೋಗಿದ್ದ ಆಳು. ಅವನ ಬೆನ್ನ ಹಿಂದೆ ಇದ್ದ ಪ್ರಬಲರಲ್ಲಿ ಹಲವರು ದಂಡನೆಗೆ ಸಿಕ್ಕಲೇ ಇಲ್ಲ. ಅನೇಕರು ನಿರಾಶರಾದರು. ನನಗಾದರೋ, ಅದು ಲೋಕದ ನಡೆಗೆ ಸಮೀಪವಾದ ಕೊನೆಯೆಂದು ತೋರಿತು. 2007ರ ಜೂನ್ 10ರಂದು ಮುಗಿದ ‘ದ ಸೊಪ್ರಾನೋಸ್’ ಇನ್ನೂ ಮುಂದೆ ಹೋಗಿ, ಕುಟುಂಬದೊಡನೆ ಊಟಕ್ಕೆ ಕುಳಿತ ಪಾತಕಿಯ ಮುಖದ ಮೇಲೆ ಹಠಾತ್ತನೆ ತೆರೆಯನ್ನು ಕಪ್ಪು ಮಾಡಿ ನಿಂತಿತು; ಅವನು ಸತ್ತನೋ ಬದುಕಿದನೋ ಎಂಬ ವಾದ ಇಂದಿಗೂ ತೀರಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಲ್ಪಿತ ಕಥೆಯ ಮಾತು. ಅಲ್ಲಿ ‘ಸುಮ್ಮನೆ ತೋರಿಸುವುದಿಲ್ಲ’ ಎಂಬ ಪ್ರಮಾಣಕ್ಕೆ ಕರ್ತೃವಿನ ಜಾಮೀನುಂಟು. ನನ್ನ ಕಳವಳವೆಲ್ಲ ಇರುವುದು ಈ ಅಭ್ಯಾಸ ಪರದೆಯಿಂದ ಹೊರಗೆ ಬಂದು ಬೀದಿಯಲ್ಲಿ ನಡೆಯತೊಡಗಿದಾಗ. ಎಲ್ಲಿಯೋ ನಿಜವಾಗಿ ಒಂದು ಕೊಲೆಯಾಗುತ್ತದೆ. ಆ ಸಂಜೆಯೇ ವಾರ್ತಾವಾಹಿನಿಗಳಲ್ಲಿಯೂ ಮೊಬೈಲುಗಳಲ್ಲಿಯೂ ಶಂಕಿತನ ಭಾವಚಿತ್ರ ಓಡಾಡುತ್ತದೆ. ಅವನು ಅಳಲಿಲ್ಲ, ಆದ್ದರಿಂದ ಕಟುಕ, ಅತಿಯಾಗಿ ಅತ್ತನು, ಆದ್ದರಿಂದ ನಟ, ಹಿಂದಿನ ವಾರ ಹಗ್ಗ ಕೊಂಡನು, ಆದ್ದರಿಂದ ಇನ್ನೇನು ಬೇಕು ಎಂದು ಅದೇ ಚತುರರು ಅದೇ ಚಾತುರ್ಯದಿಂದ ಅವನ ಕಥೆಯ ‘ಕ್ಲೈಮ್ಯಾಕ್ಸ’ನ್ನು ಹೇಳತೊಡಗುತ್ತಾರೆ. ಪಾತ್ರಕ್ಕೂ ಪ್ರಾಣಿಗೂ ಇರುವ ಅಂತರವನ್ನು ಆ ಗಳಿಗೆಯಲ್ಲಿ ನೆನಪಿಗೆ ತಂದುಕೊಳ್ಳುವವರು ವಿರಳ.

ಶೂದ್ರಕನ ‘ಮೃಚ್ಛಕಟಿಕ’ವನ್ನು ಅಪರಾಧಕಥೆಯ ದೃಷ್ಟಿಯಿಂದ ಓದಿದವರಿಗೆ ಇದರ ಭಯಂಕರತೆ ಹೊಸದಾಗಿರಲಾರದು. ವಸಂತಸೇನೆಯ ಕುತ್ತಿಗೆಯನ್ನು ಹಿಚುಕಿ, ಸತ್ತಳೆಂದು ಉದ್ಯಾನದಲ್ಲಿ ಬಿಟ್ಟುಬಂದ ಶಕಾರನೇ ಅವಳ ಪ್ರಿಯನಾದ ಚಾರುದತ್ತನ ಮೇಲೆ ಕೊಲೆಯ ದೂರನ್ನು ತರುತ್ತಾನೆ. ಒಂಬತ್ತನೆಯ ಅಂಕದ ನ್ಯಾಯಸಭೆಯಲ್ಲಿ ಒಂದೊಂದು ಕುರುಹೂ ಒಂದರ ಹಿಂದೆ ಒಂದಾಗಿ ಸೇರಿಕೊಳ್ಳುತ್ತದೆ. ಅವಳು ಚಾರುದತ್ತನ ಮನೆಗೆ ಹೋಗಿದ್ದಳೆಂದು ತಾಯಿಯೇ ಹೇಳುತ್ತಾಳೆ. ಉದ್ಯಾನದಲ್ಲಿ ಹೆಣ್ಣಿನ ಹೆಣವೊಂದು ಮೃಗಗಳು ತಿಂದು ಬಿಟ್ಟ ಸ್ಥಿತಿಯಲ್ಲಿ ಕಂಡಿತೆಂದು ನೋಡಿಬಂದವನು ಹೇಳುತ್ತಾನೆ. ಅದು ಬೇರೆ ಯಾರೋ ಹೆಂಗಸಿನದೆಂದು ಅರಿಯುವ ಉಪಾಯ ಸಭೆಗಿಲ್ಲ. ಕೊನೆಗೆ ಚಾರುದತ್ತನ ಗೆಳೆಯ ಮೈತ್ರೇಯನ ಕಂಕುಳಿಂದ ಅವಳ ಒಡವೆಗಳೇ ಎಲ್ಲರ ಕಣ್ಣೆದುರು ನೆಲಕ್ಕೆ ಬೀಳುತ್ತವೆ. ಆ ಒಡವೆಗಳು, ಮಣ್ಣಿನ ಬಂಡಿ ಬೇಡ ಚಿನ್ನದ ಬಂಡಿಯೇ ಬೇಕೆಂದು ಅಳುತ್ತಿದ್ದ ಚಾರುದತ್ತನ ಮಗುವಿಗೆ ವಸಂತಸೇನೆ ವಾತ್ಸಲ್ಯದಿಂದ ಕೊಟ್ಟವು. ಕುರುಹು ಸುಳ್ಳಲ್ಲ, ಒಡವೆ ಅವಳದೇ, ಅದು ಚಾರುದತ್ತನ ಮನೆಯಲ್ಲಿದ್ದದ್ದೂ ನಿಜ. ಅರ್ಥ ಮಾತ್ರ ಬುಡಮೇಲಾಯಿತು. ಪ್ರೀತಿಯ ಸಾಕ್ಷಿ ಕೊಲೆಯ ಸಾಕ್ಷಿಯಾಗಿ ನಿಂತಿತು. ನ್ಯಾಯಾಧಿಕಾರಿ ಕೆಟ್ಟವನಲ್ಲ, ಚಾರುದತ್ತನಲ್ಲಿ ಗೌರವವುಳ್ಳವನು. ಆದರೂ ಕುರುಹುಗಳ ಸರಪಳಿಯಿಂದ ತಪ್ಪಿಸಿಕೊಳ್ಳಲಾರನು. ವಧ್ಯಸ್ಥಾನಕ್ಕೆ ವಸಂತಸೇನೆ ಬದುಕಿ ಬಾರದಿದ್ದರೆ ಸಭೆಯ ತರ್ಕಕ್ಕೆ ಯಾವ ಲೋಪವೂ ಕಾಣುತ್ತಿರಲಿಲ್ಲ. ಲೋಕದಲ್ಲಿ ಎಷ್ಟು ಜನರಿಗೆ ವಸಂತಸೇನೆ ಸಮಯಕ್ಕೆ ಬಂದಾಳು?

ಈ ವಿಚಾರದಲ್ಲಿ ನಮ್ಮ ಸೀಮೆಗೆ ಒಂದು ಅಸಾಧಾರಣವಾದ ಸಾಕ್ಷ್ಯ ಒದಗಿದೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬೆಯ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದು ವಿಗ್ರಹ ಭಗ್ನವಾದಾಗ, ಅದಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಮೇಲೆ ಬ್ರಾಹ್ಮೀ ಲಿಪಿಯ ಬರಹ ಕಂಡಿತು. ಅದು ಅಶೋಕನ ಶಾಸನ. ವಿಗ್ರಹದ ಬುಡವನ್ನು ಕೂರಿಸಲೆಂದು ಯಾರೋ ನಡುವೆ ತೂತು ಕೊರೆದಿದ್ದರು. ಅದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಜೊತೆಗೆ, ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಭಾಗಗಳೂ ಇದ್ದವು. ಧೌಲಿಯ ಪ್ರತಿಯಲ್ಲಿ ಹೆಚ್ಚು ಪೂರ್ಣವಾಗಿ ಉಳಿದಿರುವ ಮೊದಲ ಪ್ರತ್ಯೇಕ ಶಾಸನವು ನ್ಯಾಯ ವಿಚಾರಿಸುವ ಅಧಿಕಾರಿಗಳನ್ನು ಉದ್ದೇಶಿಸಿದ್ದು. ಕಾರಣವಿಲ್ಲದೆ ಮನುಷ್ಯನೊಬ್ಬನು ಬಂಧನಕ್ಕೂ ಹಿಂಸೆಗೂ ಗುರಿಯಾಗುವುದುಂಟು, ಹಾಗಾದಾಗ ಅವನೊಡನೆ ಇನ್ನೂ ಅನೇಕರು ದುಃಖಪಡುತ್ತಾರೆ ಎಂದು ಎಚ್ಚರಿಸಿ, ನ್ಯಾಯವನ್ನು ಕೆಡಿಸುವ ಏಳು ದೋಷಗಳನ್ನು ಅದು ಎಣಿಸುತ್ತದೆ: ಅಸೂಯೆ, ಕ್ರೋಧ, ನಿಷ್ಠುರತೆ, ತ್ವರೆ, ಅಭ್ಯಾಸಹೀನತೆ, ಆಲಸ್ಯ, ಆಯಾಸ. ಕ್ರೋಧದ ಸಾಲಿನಲ್ಲಿಯೇ ತ್ವರೆಯನ್ನೂ ಇಟ್ಟ ಆ ಚಕ್ರವರ್ತಿಯ ಸೂಕ್ಷ್ಮದೃಷ್ಟಿಗೆ ನಾನು ತಲೆಬಾಗುತ್ತೇನೆ. ಬೇಗನೆ ಅರ್ಥ ಹೇಳಿಬಿಡುವ ಚಟಕ್ಕೆ ದ್ವೇಷದ ಅಗತ್ಯವಿಲ್ಲ. ಸಜ್ಜನನೂ ಚತುರನೂ ಆದವನು ತ್ವರೆಯೊಂದರಿಂದಲೇ ಇನ್ನೊಬ್ಬನ ಬಾಳನ್ನು ಹಾಳುಮಾಡಬಲ್ಲನು. ಸನ್ನತಿಗೆ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಶಿಲ್ಪಿಗಳು ತಾವು ಕೆತ್ತಿದ ಅನೇಕ ಚಿತ್ರಗಳ ಅಡಿಯಲ್ಲಿ, ಅಶೋಕನ ಚಿತ್ರದ ಅಡಿಯಲ್ಲಿಯೂ, ಅದು ಏನೆಂಬುದನ್ನು ಅಕ್ಷರದಲ್ಲಿಯೇ ಬರೆದಿಟ್ಟರು. ಜೀವಂತ ಮನುಷ್ಯನ ಮುಖದ ಕೆಳಗೆ ಅಂಥ ಬರಹವನ್ನು ಯಾರೂ ಕೆತ್ತಿಲ್ಲ.

ಹಾಗಾದರೆ ಜಗತ್ತಿನಲ್ಲಿ ಕುರುಹುಗಳಿಗೆ ಅರ್ಥವೇ ಇಲ್ಲವೆನ್ನಬೇಕೆ? ಕರ್ಮಸಿದ್ಧಾಂತವನ್ನು ಒಪ್ಪಿದ ನಮ್ಮ ಮತಗಳು ಯಾವುವೂ ಹಾಗೆನ್ನುವುದಿಲ್ಲ. ವೈದಿಕ, ಬೌದ್ಧ, ಜೈನ ಮೂರೂ ಈ ಭೀಮಾ ಕಾಗಿಣೆಗಳ ನಡುವೆ ಬಾಳಿದವು. ಮಾಡಿದ ಕ್ರಿಯೆ ಫಲಿಸದೆ ಹೋಗುವುದಿಲ್ಲವೆಂಬುದರಲ್ಲಿ ಮೂರಕ್ಕೂ ಐಕಮತ್ಯ. ಮಾನ್ಯಖೇಟದ ಜೈನ ಆಚಾರ್ಯರ ಪುರಾಣಗಳಲ್ಲಿ ಜೀವವೊಂದರ ಕಥೆ ಒಂದು ಜನ್ಮದಲ್ಲಿ ಮುಗಿಯುವುದಿಲ್ಲ. ಅಮೋಘವರ್ಷನ ಗುರುವಾದ ಜಿನಸೇನಾಚಾರ್ಯರ ‘ಆದಿಪುರಾಣ’ದಲ್ಲಿ ತೀರ್ಥಂಕರನಾಗಲಿರುವ ಜೀವವು ಹಲವು ಭವಗಳನ್ನು ದಾಟಿ ಬರುತ್ತದೆ, ಒಂದು ಭವದಲ್ಲಿ ಅರ್ಥವಿಲ್ಲದಂತೆ ಕಂಡ ಘಟನೆ ಇನ್ನೊಂದರಲ್ಲಿ ಫಲ ಕೊಡುತ್ತದೆ. ಎಂದ ಮೇಲೆ ಒಬ್ಬನ ಮರಣವನ್ನು ಕಂಡು ಅವನ ಕಥೆ ಮುಗಿಯಿತು, ಅವನಿಗೆ ತಕ್ಕದ್ದೇ ಆಯಿತು ಎಂದು ಹೇಳುವ ಅಧಿಕಾರವೂ ನಮಗಿಲ್ಲವೆಂದಾಯಿತು. ಒಂದೊಂದು ನೋಟವೂ ಒಂದು ಬದಿಯ ಸತ್ಯವನ್ನಷ್ಟೇ ಹಿಡಿಯಬಲ್ಲದೆಂಬ ಅನೇಕಾಂತವನ್ನು ಅದೇ ದರ್ಶನ ಕಲಿಸಿತು. ಆದಿಯನ್ನೂ ಅಂತ್ಯವನ್ನೂ ಏಕಕಾಲದಲ್ಲಿ ಕಾಣುವ ಜ್ಞಾನವನ್ನು ಕೇವಲಿಗೆ ಮಾತ್ರ ಬಿಟ್ಟಿತು.

ಭಕ್ತನು ಈ ಜ್ಞಾನವನ್ನು ಈಶ್ವರನಲ್ಲಿ ಕಾಣುತ್ತಾನೆ. ನಾನೂ ಹಾಗೆ ಕಾಣುವವನು. ಜಗತ್ತಿಗೆ ಕರ್ತೃವಿದ್ದಾನೆ, ಅವನು ಯಾವುದನ್ನೂ ಸುಮ್ಮನೆ ತೋರಿಸುವುದಿಲ್ಲ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತೋರಿಸಿದ್ದನ್ನು ನನ್ನ ನೆರೆಯವನಿಗೆ ವಿರುದ್ಧವಾದ ಸಾಕ್ಷ್ಯವಾಗಿ ಓದಲು ಅವನು ನನಗೆ ಅಪ್ಪಣೆ ಕೊಟ್ಟಿದ್ದಾನೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ. ನನ್ನ ಸ್ವಂತ ಬಾಳಿನ ಕುರುಹುಗಳನ್ನು ನಾನು ಓದಿಕೊಳ್ಳಬಹುದು, ತಿದ್ದಿಕೊಳ್ಳಬಹುದು, ತಪ್ಪಾಗಿ ಓದಿ ನಷ್ಟಪಟ್ಟರೂ ನಷ್ಟ ನನ್ನದೇ. ಬೇರೆಯವನ ವಿಷಯದಲ್ಲಿ ಉಪಸಂಹಾರ ನನ್ನ ಕಣ್ಣಿಗೆ ಬೀಳುವಂಥದಲ್ಲ.

ಅಭಿಮಾನಿಗಳ ನಡುವೆ ಇನ್ನೊಂದು ರೂಢಿಯುಂಟು, ಅದನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಕೊನೆಯ ಕಂತು ಮುಗಿದು ತಿಂಗಳುಗಳು ಕಳೆದ ಮೇಲೆ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ನೋಡುತ್ತಾರೆ. ಆಗ ಯಾರಿಗೂ ಗೆಲ್ಲುವ ಆತುರವಿಲ್ಲ, ‘ಸ್ಪಾಯ್ಲರ್’ ಎಂದು ಕಿವಿ ಮುಚ್ಚಿಕೊಳ್ಳುವವರಿಲ್ಲ. ತಮ್ಮ ಊಹೆ ಎಲ್ಲಿ ತಪ್ಪಿತು, ಕರ್ತೃವು ಎಲ್ಲಿ ಪ್ರಾಮಾಣಿಕವಾಗಿ ಸುಳುಹು ಕೊಟ್ಟಿದ್ದನು ಎಂಬುದನ್ನು ಒಬ್ಬರಿಗೊಬ್ಬರು ತೋರಿಸಿಕೊಡುತ್ತ ನೋಡುತ್ತಾರೆ. ಮೊದಲ ನೋಟದಲ್ಲಿ ವಾಲ್ಟರನನ್ನು ದ್ವೇಷಿಸಿದ ಒಬ್ಬ ಕಾರ್ಮಿಕ ಮಿತ್ರನು ಎರಡನೆಯ ನೋಟದಲ್ಲಿ ಅವನಿಗಾಗಿ ಮರುಗಿದನು, ಮೊದಲು ಮೆಚ್ಚಿದ್ದ ಇನ್ನೊಬ್ಬನು ಅವನ ಮೊದಲ ಸುಳ್ಳನ್ನು ಕಂಡೇ ಮುಖ ತಿರುಗಿಸಿದನು. ಮೊಟ್ಟಮೊದಲ ಕಂತಿನಲ್ಲಿ ಆ ಉಪಾಧ್ಯಾಯನು ಮಕ್ಕಳಿಗೆ ಪಾಠ ಹೇಳುತ್ತಾನೆ. ರಸಾಯನಶಾಸ್ತ್ರವೆಂದರೆ ಬದಲಾವಣೆಯ ಅಧ್ಯಯನ, ಬೆಳೆಯುವುದು, ಕೊಳೆಯುವುದು, ಆಮೇಲೆ ಇನ್ನೊಂದಾಗಿ ಮಾರ್ಪಡುವುದು ಎಂಬ ಅರ್ಥದ ಮಾತುಗಳನ್ನು ಉತ್ಸಾಹದಿಂದ ಆಡುತ್ತಾನೆ. ತರಗತಿಯ ಹುಡುಗರು ಕೇಳಿಸಿಕೊಳ್ಳುವುದಿಲ್ಲ. ಐದು ಸೀಸನ್ನುಗಳ ಕಥೆಯೆಲ್ಲ ಆ ಪಾಠದೊಳಗೆ ಇತ್ತು. ಆದರೆ ಅಂದು ಅದನ್ನು ಕೇಳಿ ಕೊನೆಯನ್ನು ಹೇಳಬಲ್ಲವನಾಗಿದ್ದೆ ಎಂದು ವಾಡಿಯ ಆ ಗುಂಪಿನಲ್ಲಿ ಯಾರೂ, ಅತ್ಯಂತ ಚತುರನಾದವನೂ, ಹೇಳಲಿಲ್ಲ.